ರೂಪ ಕೊಡುವ ಕೈ, ಜೀವ ಕೊಡಲಾರದ ಕೈ

ಕಾಲ ಬದಲಾದಂತೆ ಮನುಷ್ಯನ ಹವ್ಯಾಸಗಳೂ ಬದಲಾಗುತ್ತವೆ. ಹಿಂದೆ ನಮ್ಮ ಮೊಹಲ್ಲಾಗಳಲ್ಲಿ ಪಾರಿವಾಳ ಸಾಕುವವರಿದ್ದರು, ಗಾಳಿಪಟದ ದಾರಕ್ಕೆ ಮಾಂಜಾ ಹಚ್ಚುವವರಿದ್ದರು, ಅಂಚೆಚೀಟಿ ಕೂಡಿಡುವವರಿದ್ದರು. ಇಂದು ಜಯನಗರದ ತಿಲಕನಗರದಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಗುರಪ್ಪನಪಾಳ್ಯದಲ್ಲಾಗಲಿ, ಬನಶಂಕರಿಯ ಯಾರಬ್ ನಗರದಲ್ಲಾಗಲಿ, ಇಶಾ ನಮಾಝಿನ ಬಳಿಕ ಕೆಲವು ಮನೆಗಳ ಕೋಣೆಗಳಲ್ಲಿ ಇನ್ನೊಂದು ಬಗೆಯ ಹವ್ಯಾಸ ನಡೆಯುತ್ತಿದೆ. ಯುವಕರು, ಕೆಲವೆಡೆ ಯುವತಿಯರೂ, ಕಂಪ್ಯೂಟರಿನ ಪರದೆಯ ಮೇಲೆ ಪ್ರಾಣಿಗಳನ್ನು ಕೆತ್ತುತ್ತಿದ್ದಾರೆ. ಎಂದೂ ಇಲ್ಲದ, ಎಲ್ಲೂ ಕಾಣದ ಪ್ರಾಣಿಗಳು. ಮೊಸಳೆಯ ತಲೆ, ಬಾವಲಿಯ ರೆಕ್ಕೆ, ಆನೆಯ ಚರ್ಮ ಇವನ್ನೆಲ್ಲ ಒಂದುಗೂಡಿಸಿ ಒಂದು ಹೊಸ ಜೀವಿಯ ಆಕಾರವನ್ನು ರೂಪಿಸುತ್ತಾರೆ.

ಈ ಹವ್ಯಾಸದ ಬಗ್ಗೆ ನನ್ನಲ್ಲಿ ಪ್ರಶ್ನೆ ಕೇಳುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಒಬ್ಬ ತಾಯಿ ಕೇಳಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. "ಹಝ್ರತ್, ನನ್ನ ಮಗ ಕೆಟ್ಟ ಚಾಳಿಯವನಲ್ಲ. ಹಗಲೆಲ್ಲ ಅಂಗಡಿಯಲ್ಲಿ ದುಡೀತಾನೆ, ರಾತ್ರಿ ಕೂತು ಈ ಪ್ರಾಣಿಗಳನ್ನು ಮಾಡ್ತಾನೆ. ನಾಳೆ ಅಲ್ಲಾಹನು 'ನೀನು ಮಾಡಿದ್ದಕ್ಕೆ ಜೀವ ಕೊಡು' ಅಂತ ಕೇಳಿದರೆ ನನ್ನ ಮಗ ಏನು ಮಾಡ್ತಾನೆ?"

ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. "ಹರಾಮ್, ಬಿಡಿಸಿಬಿಡಿ" ಎಂದು ಹೇಳಿ ಕಳುಹಿಸುವುದು ಸುಲಭ. "ಕಾಲ ಬದಲಾಗಿದೆ, ಇದೆಲ್ಲ ನಡೆಯುತ್ತದೆ" ಎನ್ನುವುದು ಇನ್ನೂ ಸುಲಭ. ಈ ಎರಡು ಸುಲಭದ ದಾರಿಗಳನ್ನೂ ಬಿಟ್ಟು ಸ್ವಲ್ಪ ನಿಧಾನವಾಗಿ ಆಲೋಚಿಸೋಣ.

ಈ ಕೆಲಸ ಎಂಥದ್ದು?

ಒಂದು ವಿಷಯವನ್ನು ತಿಳಿಯದೆ ಅದರ ಬಗ್ಗೆ ತೀರ್ಪು ಕೊಡುವುದು ವಿವೇಕಿಗಳ ಲಕ್ಷಣವಲ್ಲ. ಆದ್ದರಿಂದ ಮೊದಲು ಕೆಲಸವನ್ನೇ ನೋಡೋಣ.

ಪರದೆಯ ಮೇಲೆ ಮೊದಲಿಗೆ ಒಂದು ಗೋಳವಿರುತ್ತದೆ. ಅದನ್ನು ನಾದಿಟ್ಟ ಹಿಟ್ಟಿನ ಉಂಡೆಯೆಂದು ತಿಳಿಯಿರಿ. ಕಲಿಯುವವನ ಕೈಯಲ್ಲಿ ಬ್ರಶ್ ಎಂಬ ಹೆಸರಿನ ಹತ್ತಾರು ಸಾಧನಗಳಿರುತ್ತವೆ. ಒಂದು ಎಳೆಯುತ್ತದೆ, ಒಂದು ಮಣ್ಣು ಮೆತ್ತುತ್ತದೆ, ಒಂದು ಗೀರು ಹಾಕುತ್ತದೆ, ಮತ್ತೊಂದು ನಯಗೊಳಿಸುತ್ತದೆ. ಕಂಪ್ಯೂಟರಿನ ಪಾಲಿಗೆ ಆ ಮೈ ಸಣ್ಣಸಣ್ಣ ಚೌಕಗಳ ಬಲೆ. ಹೆಚ್ಚಿನ ಸೂಕ್ಷ್ಮತೆ ಬೇಕೆಂದಾಗ ಪ್ರತಿಯೊಂದು ಚೌಕವನ್ನೂ ನಾಲ್ಕಾಗಿ ಸೀಳಬೇಕು. ಆರು ಮುಖಗಳ ಒಂದು ಘನದಿಂದ ಹೊರಟರೆ 24, 96, 384 ಎಂದು ಬೆಳೆಯುತ್ತಾ ಹತ್ತನೆಯ ಸಲಕ್ಕೆ ಅವು 62,91,456 ಆಗುತ್ತವೆ. ಇಷ್ಟು ಚೌಕಗಳಿದ್ದರೂ ಒಂದು ಹಲ್ಲಿಯ ಕಣ್ಣಿನ ಸುತ್ತಲಿನ ಚರ್ಮವನ್ನು ಪೂರ್ತಿ ಹಿಡಿಯಲಾಗುವುದಿಲ್ಲ.

ಆಕಾರ ಮುಗಿದ ಮೇಲೆ ಚರ್ಮದ ಕೆಲಸ. ನಮ್ಮ ದರ್ಜಿಗಳು ದುಂಡಗಿನ ಮೈಗೆ ಹೊಂದುವ ಅಂಗಿಯನ್ನು ಚಪ್ಪಟೆ ಬಟ್ಟೆಯ ಮೇಲೆ ಗುರುತು ಹಾಕಿ ಕತ್ತರಿಸುತ್ತಾರಲ್ಲವೇ? ಇಲ್ಲಿ ಅದರ ತಿರುಗುಮುರುಗು. ಸಿದ್ಧವಾದ ಮೈಯನ್ನು ಎಲ್ಲೆಲ್ಲಿ ಹೊಲಿಗೆ ಬಿಚ್ಚಿದರೆ ಚಪ್ಪಟೆಯಾಗಿ ಹರಡುತ್ತದೆ ಎಂದು ನೋಡಿ, ಬಿಚ್ಚಿ ಹರಡಿ, ಆ ಚಪ್ಪಟೆ ಹಾಳೆಯ ಮೇಲೆ ಬಣ್ಣ ಹಚ್ಚಬೇಕು. ಬಣ್ಣ ಒಂದೇ ಸಾಲದು. ಎಲ್ಲಿ ಒರಟು, ಎಲ್ಲಿ ನಯ, ಎಲ್ಲಿ ತೇವ, ಎಲ್ಲಿ ಬೆಳಕು ಚರ್ಮದ ಒಳಕ್ಕೆ ಇಳಿದು ಕೆಂಪಾಗಿ ಹೊರಬರುತ್ತದೆ ಎಂಬುದಕ್ಕೆಲ್ಲ ಬೇರೆ ಬೇರೆ ಹಾಳೆಗಳು ಬೇಕು. ರಾತ್ರಿ ಹೊತ್ತು ಟಾರ್ಚಿನ ಬೆಳಕಿಗೆ ಅಂಗೈಯನ್ನು ಅಡ್ಡ ಹಿಡಿದರೆ ಬೆರಳಂಚು ಕೆಂಪಾಗಿ ಕಾಣುತ್ತದೆ. ಆ ಒಂದು ಕೆಂಪನ್ನು ತರಲು ಕಲಿಯುವವರು ವಾರಗಟ್ಟಲೆ ಒದ್ದಾಡುತ್ತಾರೆ.

ಇದಕ್ಕೆ ಝೆಡ್‌ಬ್ರಶ್, ಸಬ್‌ಸ್ಟೆನ್ಸ್ ಪೇಂಟರ್ ಮುಂತಾದ ಹಣ ಕೊಟ್ಟು ಪಡೆಯುವ ತಂತ್ರಾಂಶಗಳಿವೆ. ಬಿಟ್ಟಿಯಾಗಿಯೇ ಸಿಗುವ ಬ್ಲೆಂಡರ್ ಎಂಬುದೂ ಇದೆ. ಅದನ್ನು ರೂಪಿಸಿದ ನೆದರ್ಲೆಂಡ್ಸಿನ ಸಂಸ್ಥೆ ಮುಚ್ಚಿದಾಗ, 2002ರಲ್ಲಿ ಅದರ ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಆ ತಂತ್ರಾಂಶವನ್ನು ಬಿಡಿಸಿಕೊಂಡು ಎಲ್ಲರಿಗೂ ಮುಕ್ತವಾಗಿಸಿದರು. ಜಗತ್ತಿನ ಯಾವ ಮೂಲೆಯ ಬಡವನೂ ಇಂದು ಅದನ್ನು ಬಳಸಬಹುದು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಎಂಬ ಚಿತ್ರದ ಬೆಕ್ಕನ್ನು ರೂಪಿಸಿದ್ದು ಈ ಬಿಟ್ಟಿ ತಂತ್ರಾಂಶದಲ್ಲೇ.

ಬೆಂಗಳೂರಿಗಂತೂ ಇದು ಹೊಸತಲ್ಲ. ಅನಿಮೇಷನ್ ಉದ್ಯಮಕ್ಕೆಂದೇ ಕರ್ನಾಟಕ ಸರಕಾರ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ತಂದಿತ್ತು. 2016ರ 'ದಿ ಜಂಗಲ್ ಬುಕ್' ಚಿತ್ರದ ಕಾಡುಪ್ರಾಣಿಗಳ ಕೆಲಸದಲ್ಲಿ ಬೆಂಗಳೂರಿನ ಸ್ಟುಡಿಯೋದ ಕಲಾವಿದರ ಕೈಗಳೂ ಇದ್ದವು. ಆದರೆ 2025ರ ಫೆಬ್ರವರಿಯಲ್ಲಿ ಆ ಸ್ಟುಡಿಯೋದ ಒಡೆತನದ ಟೆಕ್ನಿಕಲರ್ ಸಮೂಹ ಕುಸಿದಾಗ ಭಾರತದಲ್ಲಿ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಆದ್ದರಿಂದ ಇದನ್ನು ಕಲಿಯುತ್ತಿರುವ ಹುಡುಗನಿಗೆ "ನಾಳೆ ಇದರಿಂದ ಲಕ್ಷ ಸಂಪಾದಿಸುತ್ತೀಯ" ಎಂದು ಆಸೆ ತೋರಿಸಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಮಗೆ ದಾರಿಯಿಲ್ಲ. ಲಾಭದ ಮಾತನ್ನು ಬದಿಗಿಟ್ಟು ಕೇಳಬೇಕು: ಬರಿಯ ಹವ್ಯಾಸವಾಗಿ ಈ ಕೆಲಸ ಒಳಿತೋ, ಕೆಡುಕೋ?

ವಿದ್ವಾಂಸರು ಎಲ್ಲಿ ನಿಂತಿದ್ದಾರೆ?

ಜೀವಿಗಳ ಚಿತ್ರ ಮತ್ತು ಪ್ರತಿಮೆಗಳನ್ನು ಮಾಡುವವರ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಕಠಿಣವಾದ ಎಚ್ಚರಿಕೆಗಳಿವೆ. ಅಂತ್ಯದಿನದಂದು ಅವರು ಮಾಡಿದ್ದಕ್ಕೆ ಜೀವ ಕೊಡುವಂತೆ ಅವರಿಗೆ ಹೇಳಲಾಗುವುದು, ಅದು ಅವರಿಂದಾಗದು ಎಂಬ ಆಶಯದ ಹದೀಸನ್ನೇ ಆ ತಾಯಿ ನೆನೆದದ್ದು. ಇವು ಪ್ರಬಲವಾದ ಹದೀಸ್‌ಗಳು. ಅವುಗಳನ್ನು ಇಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ.

ಹಾಗೆಯೇ ಇನ್ನು ಕೆಲವು ಪ್ರಸಂಗಗಳೂ ನಮ್ಮ ಮುಂದಿವೆ. ಹಝ್ರತ್ ಇಬ್ನು ಅಬ್ಬಾಸ್(ರ)ರ ಬಳಿಗೆ ಒಬ್ಬ ಕುಶಲಕರ್ಮಿ ಬಂದು, ತನ್ನ ಜೀವನೋಪಾಯವೇ ಚಿತ್ರ ಮಾಡುವುದು ಎಂದಾಗ ಅವರು ಪ್ರವಾದಿವರ್ಯರ(ಸ) ಎಚ್ಚರಿಕೆಯನ್ನು ತಿಳಿಸಿದರು. ಆತನ ಮುಖ ಬಿಳಿಚಿಕೊಂಡಿತು. ಆಗ ಅವರು ಆತನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮಾಡಲೇಬೇಕೆಂದಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಮಾಡು ಎಂದು ದಾರಿ ತೋರಿಸಿದರು. ಹಝ್ರತ್ ಆಯಿಶಾ(ರ)ರ ಮನೆಯ ಪರದೆಯ ಮೇಲಿನ ಚಿತ್ರಗಳು ಪ್ರವಾದಿವರ್ಯರಿಗೆ(ಸ) ಹಿಡಿಸಲಿಲ್ಲ. ಅದೇ ಬಟ್ಟೆ ಒರಗುದಿಂಬಾದಾಗ ಅದರ ಬಳಕೆಗೆ ತಡೆಯಿರಲಿಲ್ಲ. ಅಬೂದಾವೂದ್ ಗ್ರಂಥದಲ್ಲಿ ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ಇದ್ದ ಒಂದು ಕುದುರೆಯ ಪ್ರಸ್ತಾಪವಿದೆ. ಅದಕ್ಕೆ ಬಟ್ಟೆಯ ಚೂರುಗಳಿಂದ ಮಾಡಿದ ಎರಡು ರೆಕ್ಕೆಗಳಿದ್ದವು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ, ಹಝ್ರತ್ ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆಹಲ್ಲು ಕಾಣುವಷ್ಟು ನಕ್ಕರು. ಇಲ್ಲದ ಪ್ರಾಣಿಯೊಂದರ ಪುಟ್ಟ ಗೊಂಬೆ, ಮನೆಯೊಳಗಿನ ಆ ನಗು, ಇವನ್ನೂ ನಾವು ನೆನಪಿನಲ್ಲಿಡಬೇಕು.

ಇವೆಲ್ಲವನ್ನೂ ಮುಂದಿಟ್ಟುಕೊಂಡು ಫಿಕ್ಹ್‌ನ ವಿದ್ವಾಂಸರು ಚರ್ಚಿಸಿದ್ದಾರೆ. ಜೀವಿಗಳ ಎಲ್ಲ ಬಗೆಯ ಚಿತ್ರಗಳನ್ನೂ ನಿಷಿದ್ಧವೆಂದವರಿದ್ದಾರೆ. ನೆರಳು ಬೀಳುವ ಪ್ರತಿಮೆಯನ್ನು ಪೂರ್ಣವಾಗಿ ನಿಷೇಧಿಸಿ, ಚಪ್ಪಟೆ ಚಿತ್ರವನ್ನು ಅನಪೇಕ್ಷಿತವೆಂದಷ್ಟೇ ಹೇಳಿದವರು ಮಾಲಿಕೀ ವಿದ್ವಾಂಸರಲ್ಲಿದ್ದಾರೆ. ಮಕ್ಕಳ ಆಟಿಕೆಗೆ ಹೆಚ್ಚಿನವರು ವಿನಾಯಿತಿ ಕೊಟ್ಟಿದ್ದಾರೆ. ಫೋಟೋಗ್ರಫಿ ಬಂದಾಗ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ(ಮರಣ: 1935) ಅದು ಹೊಸದಾಗಿ ಸೃಷ್ಟಿಸುವುದಲ್ಲ, ಇರುವುದರ ನೆರಳನ್ನು ಹಿಡಿದಿಡುವುದು ಎಂದು ವಾದಿಸಿದರು. ಅದನ್ನೊಪ್ಪದವರೂ ಇದ್ದರು. ಈಗ ಪರದೆಯ ಮೇಲಿನ ರೂಪದ ಬಗ್ಗೆಯೂ ಹಾಗೆಯೇ. ಅದು ನೆಲೆಯಾಗಿ ನಿಲ್ಲದ ಬೆಳಕು, ಕಾಗದಕ್ಕೆ ಇಳಿದ ಮೇಲೆಯೇ ಚಿತ್ರ ಎನ್ನುವವರಿದ್ದಾರೆ. ಉಪಕರಣ ಬದಲಾದರೂ ಕೆಲಸ ಬದಲಾಗದು ಎನ್ನುವವರೂ ಇದ್ದಾರೆ.

ನಮ್ಮ ಈ ವಿಷಯದಲ್ಲಿ ಒಂದು ತೊಡಕು ಹೆಚ್ಚಿಗೆ ಇದೆ. ಪರದೆಯ ಮೇಲಿನ ಜೀವಿಗೆ ಉದ್ದ, ಅಗಲ, ಎತ್ತರ ಮೂರೂ ಲೆಕ್ಕದಲ್ಲಿವೆ. ಆದರೆ ಈ ಲೋಕದಲ್ಲಿ ಅದಕ್ಕೆ ನೆರಳಿಲ್ಲ. ಅದೇ ಕಡತವನ್ನು ತ್ರಿ-ಡಿ ಪ್ರಿಂಟರಿಗೆ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಮೇಜಿನ ಮೇಲೆ ನೆರಳು ಬೀಳುವ ಪ್ರತಿಮೆ ನಿಂತಿರುತ್ತದೆ. ಅಂದರೆ ಬೆಳಕಿಗೂ ಪ್ರತಿಮೆಗೂ ನಡುವಿನ ಗಡಿ ಒಂದು ಗುಂಡಿ ಒತ್ತುವಷ್ಟು ತೆಳುವಾಗಿದೆ. ಪರದೆಯ ಮಟ್ಟಿಗೆ ಸಡಿಲು ಕೊಡುವ ಅಭಿಪ್ರಾಯವನ್ನು ಅನುಸರಿಸುವವನು ಈ ಗಡಿಯನ್ನು ಮರೆಯಬಾರದು.

ನಾನು ಮುಫ್ತಿಯಲ್ಲ. ಫತ್ವಾ ಕೊಡುವುದು ಈ ಲೇಖನದ ಉದ್ದೇಶವೂ ಅಲ್ಲ. ತಾನು ನಂಬುವ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳುವುದು ಪ್ರತಿಯೊಬ್ಬನ ಹೊಣೆ. ಕೇಳುವಾಗ ಕೆಲಸವನ್ನು ಬಿಡಿಸಿ ಹೇಳಿ ಕೇಳಬೇಕು. "ಕಂಪ್ಯೂಟರಿನಲ್ಲಿ ಏನೋ ಮಾಡುತ್ತೇನೆ" ಎಂದು ಮರೆಮಾಚಿ ಕೇಳಿ ಪಡೆದ ಅನುಮತಿ ಅನುಮತಿಯಲ್ಲ. ಆದರೆ ಉತ್ತರ ಏನೇ ಬರಲಿ, ಅದರಾಚೆಗೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಕೆಲಸ ಮಾಡುವವನ ಅಂತರಂಗವನ್ನು ಏನು ಮಾಡುತ್ತಿದೆ? ಅದಕ್ಕೆ ಫತ್ವಾ ಸಾಲದು, ಆತ್ಮಪರೀಕ್ಷೆ ಬೇಕು.

ಎಚ್ಚರಿಕೆಯ ಹಿಂದಿನ ಕಾರಣ

ಈ ಎಚ್ಚರಿಕೆಗಳ ಹಿಂದೆ ವಿದ್ವಾಂಸರು ಮುಖ್ಯವಾಗಿ ಎರಡು ಕಾರಣಗಳನ್ನು ಕಂಡಿದ್ದಾರೆ. ಒಂದು, ಮನುಷ್ಯ ತಾನೇ ಮಾಡಿದ ರೂಪದ ಮುಂದೆ ತಲೆಬಾಗುವ ಅಪಾಯ. ಇನ್ನೊಂದು, ಸೃಷ್ಟಿಯಲ್ಲಿ ತಾನೂ ಅಲ್ಲಾಹನಿಗೆ ಸರಿಸಾಟಿ ಎಂಬ ಭಾವ. ಒಂದು ಹದೀಸ್ ಕುದ್ಸಿಯ ಆಶಯದಂತೆ, ಹಾಗೆ ಸ್ಪರ್ಧೆಗೆ ಹೊರಟವರಿಗೆ ಒಂದು ಕಾಳನ್ನೋ ಒಂದು ಜವೆಗೋಧಿಯನ್ನೋ ಸೃಷ್ಟಿಸಿ ತೋರಿಸಲಿ ಎಂಬ ಸವಾಲಿದೆ. ಎರಡೂ ಕಾರಣಗಳು ಹೃದಯಕ್ಕೆ ಸಂಬಂಧಿಸಿದವು. ಬಟ್ಟೆಯ ಗೊಂಬೆಯನ್ನು ಹಿಡಿದ ಬಾಲಕಿಯ ಕೈಯಲ್ಲಿ ಇವೆರಡೂ ಇರಲಿಲ್ಲ.

ಸೂರಾ ಅಲ್ ಹಶ್ರ್‌ನ ಕೊನೆಯಲ್ಲಿ ಅಲ್ಲಾಹನ ಮೂರು ನಾಮಗಳು ಒಂದರ ಬೆನ್ನಿಗೊಂದು ಬರುತ್ತವೆ: ಅಲ್ ಖಾಲಿಕ್, ಅಲ್ ಬಾರಿಅ್, ಅಲ್ ಮುಸವ್ವಿರ್. ಇಮಾಮ್ ಗಝ್ಝಾಲಿ(ಮರಣ: 1111) ಇವು ಒಂದೇ ಅರ್ಥದ ಮೂರು ಪದಗಳಲ್ಲವೆಂದು ಕಟ್ಟಡದ ಉಪಮೆಯಿಂದ ವಿವರಿಸಿದರು. ಕಟ್ಟಡಕ್ಕೆ ಮೊದಲು ಅಳತೆ ಹಾಕುವವನು ಬೇಕು, ಬಳಿಕ ಕಟ್ಟುವವನು ಬೇಕು, ಕೊನೆಗೆ ಅಂದಗೊಳಿಸುವವನು ಬೇಕು. ಅಲ್ಲಾಹನಾದರೋ ಅಳತೆ ನಿಗದಿಪಡಿಸುವವನೂ, ಇಲ್ಲದಿರುವುದನ್ನು ಇರುವಂತೆ ಮಾಡುವವನೂ, ರೂಪ ಕೊಡುವವನೂ ಆಗಿದ್ದಾನೆ. ಈ ಬೆಳಕಿನಲ್ಲಿ ನಮ್ಮ ಹುಡುಗನ ಕೆಲಸವನ್ನು ನೋಡಿರಿ. ಅಳತೆ ಅವನದಲ್ಲ, ಜೀವಂತ ಪ್ರಾಣಿಗಳಿಂದ ಎರವಲು ಪಡೆದದ್ದು. ಅಸ್ತಿತ್ವಕ್ಕೆ ತರುವುದು ಅವನಿಂದಾಗದು, ವಿದ್ಯುತ್ ಹೋದರೆ ಅವನ ಪ್ರಾಣಿ ಕಾಣಿಸುವುದೂ ಇಲ್ಲ. ಉಳಿದದ್ದು ಮೂರನೆಯದರ ಒಂದು ಮಸುಕು ನೆರಳು. ಇದನ್ನು ಅರಿತವನಿಗೆ ಗರ್ವಪಡಲು ಎಡೆಯೆಲ್ಲಿದೆ? ಅರಿಯದವನಿಗೆ ಮಾತ್ರ ಈ ನೆರಳೇ ದೊಡ್ಡದಾಗಿ ಕಾಣುತ್ತದೆ.

ಕೈ ಕಣ್ಣಿಗೆ ಕಲಿಸುವ ಪಾಠ

ಪವಿತ್ರ ಕುರ್‌ಆನ್ ಮನುಷ್ಯನನ್ನು ನೋಡಲು ಕರೆಯುತ್ತದೆ. ಸೂರಾ ಅಲ್ ಗಾಶಿಯಃ ಒಂಟೆಯ ಸೃಷ್ಟಿಯನ್ನು ಗಮನಿಸುವುದಿಲ್ಲವೇ ಎಂದು ಪ್ರಶ್ನಿಸುತ್ತದೆ. ಸೂರಾ ಅಲ್ ಮುಲ್ಕ್ ತಲೆಯ ಮೇಲೆ ರೆಕ್ಕೆ ಬಿಚ್ಚಿ ಮಡಿಸುವ ಹಕ್ಕಿಗಳತ್ತ ಬೆರಳು ತೋರಿಸುತ್ತದೆ. ಆದರೆ ಓದುಗರೇ, ನಮ್ಮಲ್ಲಿ ಎಷ್ಟು ಮಂದಿ ನಿಜವಾಗಿ ನೋಡುತ್ತೇವೆ? ಮಡಿವಾಳ ಕೆರೆಗೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಹೆಜ್ಜಾರ್ಲೆಗಳು ಬಂದಿಳಿಯುತ್ತವೆ. ದಿನಾ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಮಗೆ ಅವುಗಳ ಕೊಕ್ಕಿನ ಕೆಳಗಿನ ಚೀಲ ಹೇಗೆ ಮಡಚಿಕೊಳ್ಳುತ್ತದೆಂದು ಹೇಳಲು ಬರುವುದೇ?

ಕೆತ್ತಲು ಕುಳಿತವನು ಮಾತ್ರ ನೋಡಲೇಬೇಕಾಗುತ್ತದೆ. ಆಯಿಶಾ(ರ)ರ ಗೊಂಬೆಯಂತೆ ಕುದುರೆಗೆ ರೆಕ್ಕೆ ಹಚ್ಚಲು ಹೊರಟ ಹವ್ಯಾಸಿಯನ್ನೇ ತೆಗೆದುಕೊಳ್ಳಿ. ರೆಕ್ಕೆಯನ್ನು ಎಲ್ಲಿ ಅಂಟಿಸುವುದು? ಹಕ್ಕಿಯ ಮೂಳೆಗಳನ್ನು ನೋಡಿದಾಗ ಅವನಿಗೆ ಗೊತ್ತಾಗುತ್ತದೆ: ಹಕ್ಕಿಯ ರೆಕ್ಕೆ ಎಂಬುದು ಹೆಚ್ಚಿನ ಅಂಗವಲ್ಲ, ಅದು ಅದರ ಮುಂಗಾಲೇ. ನಮ್ಮ ತೋಳಿನಲ್ಲಿರುವ ಒಂದು ಮೇಲಿನ ಮೂಳೆ, ಎರಡು ಕೆಳಗಿನ ಮೂಳೆಗಳ ಜೋಡಣೆಯೇ ಅಲ್ಲೂ ಇದೆ. ಅದನ್ನು ಬಡಿಯುವ ಬಲವಾದ ಸ್ನಾಯು ಹಿಡಿದುಕೊಳ್ಳಲು ಎದೆಮೂಳೆಗೆ ದೋಣಿಯ ತಳದಂಥ ಏಣು ಇದೆ. ನಾಲ್ಕು ಕಾಲೂ ಎರಡು ರೆಕ್ಕೆಯೂ ಇರುವ, ಬೆನ್ನುಮೂಳೆಯುಳ್ಳ ಪ್ರಾಣಿ ಭೂಮಿಯಲ್ಲಿ ಒಂದೂ ಇಲ್ಲ. ಕಲ್ಪನೆಯಲ್ಲಿ ಒಂದು ಕ್ಷಣದಲ್ಲಿ ಹಾರಿದ ಕುದುರೆಗೆ ಕೆಲಸದಲ್ಲಿ ಭುಜವೇ ಸಿಗುವುದಿಲ್ಲ!

ಜಿರಾಫೆಯ ಕತ್ತನ್ನು ಮಾಡುವವನು ಅದರಲ್ಲಿ ಎಷ್ಟೋ ಮೂಳೆಗಳಿರಬೇಕೆಂದು ಭಾವಿಸುತ್ತಾನೆ. ಇರುವುದು ಏಳೇ. ನಮ್ಮ ಕತ್ತಿನಲ್ಲೂ ಏಳು, ಇಲಿಯ ಕತ್ತಿನಲ್ಲೂ ಏಳು. ಒಂದೇ ಲೆಕ್ಕದಿಂದ ಇಷ್ಟು ಬಗೆ!

ಚರ್ಮದ ವಿಷಯವೂ ಹೀಗೆಯೇ. ಮೊಸಳೆಯ ತಲೆಯ ಮೇಲಿನ ಹುರುಪೆಗಳನ್ನು ಒಂದೇ ಅಚ್ಚಿನಿಂದ ಒತ್ತಿದಂತೆ ಬರೆದರೆ ಅದು ಸುಳ್ಳಾಗಿ ಕಾಣುತ್ತದೆ. ಏಕೆಂದರೆ ಅವು ಬೇರೆ ಹುರುಪೆಗಳಂತೆ ಒಂದೊಂದಾಗಿ ಮೂಡಿದವಲ್ಲ, ಬೆಳೆಯುವ ಚರ್ಮ ಒತ್ತಡಕ್ಕೆ ಮಡಚಿಕೊಂಡು ಆದವು ಎಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆಫ್ರಿಕಾದ ಆನೆಯ ಚರ್ಮದ ಸೂಕ್ಷ್ಮ ಬಿರುಕುಗಳು ನುಣುಪಾದ ಮೈಗಿಂತ ಐದರಿಂದ ಹತ್ತು ಪಾಲು ಹೆಚ್ಚು ನೀರನ್ನು ಹಿಡಿದಿಟ್ಟು ಅದರ ಮೈಯನ್ನು ತಂಪಾಗಿಡುತ್ತವೆ ಎಂಬುದು 2018ರ ಒಂದು ಅಧ್ಯಯನದಲ್ಲಿ ತಿಳಿದುಬಂತು. ಬನ್ನೇರುಘಟ್ಟದಲ್ಲಿ ನಾವು ಕಾಣುವ ನಮ್ಮ ಏಷ್ಯಾದ ಆನೆಯ ಚರ್ಮ ಅಂಥದ್ದಲ್ಲ. ಅವಲಕ್ಷಣವೆಂದು ನಾವು ಭಾವಿಸುವ ಒಂದು ಬಿರುಕಿಗೂ ಕೆಲಸ ನಿಗದಿಯಾಗಿದೆ. ಯಾವುದೂ ವ್ಯರ್ಥವಾಗಿ ಸೃಷ್ಟಿಯಾಗಿಲ್ಲ ಎಂಬುದನ್ನು ನಾವು ಮಿಂಬರಿನಿಂದ ಕೇಳುತ್ತೇವೆ. ಬ್ರಶ್ ಹಿಡಿದವನು ಅದನ್ನು ಸೋತು ಸೋತು ಕಲಿಯುತ್ತಾನೆ.

"ನೋಡುವುದಕ್ಕೆ ಮಾಡಲೇಬೇಕೇ? ಬರಿಯ ಕಣ್ಣು ಸಾಲದೇ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಣ್ಣು ಸಾಲಬೇಕಿತ್ತು. ಆದರೆ ಕಣ್ಣು ಸೋಮಾರಿ. ಗೋಡೆಯ ಹಲ್ಲಿಯನ್ನು ಹುಟ್ಟಿದಂದಿನಿಂದ ನೋಡಿದ ನಮಗೆ ಅದರ ಯಾವ ಬೆರಳು ಉದ್ದವೆಂದು ಗೊತ್ತಿಲ್ಲ. ಆ ತಾಯಿಯ ಮಗನನ್ನು ನಾನು ಮಾತನಾಡಿಸಿದಾಗ ಅವನು ಹೇಳಿದ್ದು ಇದನ್ನೇ: "ಹಝ್ರತ್, ಓತಿಕ್ಯಾತದ ಹಿಂಗಾಲು ಮಾಡೋಕೆ ಮೂರು ವಾರ ತೊಗೊಂಡೆ. ಇನ್ನೂ ಸರಿಯಾಗಿಲ್ಲ. ಈಗ ಪಾರ್ಕಲ್ಲಿ ಓತಿಕ್ಯಾತ ಕಂಡರೆ ಕಲ್ಲು ಹೊಡೆಯೋ ಹುಡುಗರನ್ನು ತಡೀತೀನಿ." ಈ ಕೊನೆಯ ಮಾತು ನನಗೆ ಮುಖ್ಯವೆನಿಸಿತು. ಕೆಲಸ ಅವನನ್ನು ಸೃಷ್ಟಿಯ ಎದುರಾಳಿಯನ್ನಾಗಿ ಮಾಡಿರಲಿಲ್ಲ, ಅದರ ಕಾವಲುಗಾರನನ್ನಾಗಿ ಮಾಡಿತ್ತು.

ಅಪಾಯ ಎಲ್ಲಿದೆ?

ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಅದೇ ಬ್ರಶ್ಶು, ಅದೇ ಪರದೆ ಇನ್ನೊಬ್ಬನನ್ನು ಬೇರೆ ಕಡೆಗೂ ಒಯ್ಯಬಹುದು. ಆದುದರಿಂದ ಈ ಹವ್ಯಾಸದಲ್ಲಿರುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಮುಂದಿಡುತ್ತೇನೆ.

ಮೊದಲನೆಯದು, ಯಂತ್ರವನ್ನು ಮುಚ್ಚಿದ ಮೇಲೆ ಜೀವಂತ ಪ್ರಾಣಿಯನ್ನು ಹೇಗೆ ನೋಡುತ್ತೇನೆ? ವಿಸ್ಮಯ ಹೆಚ್ಚಿದೆಯೇ, ಕುಂದಿದೆಯೇ? ನಾನು ಮಾಡಿದ ಪಕ್ಷಿಯ ಎದುರು ಕೆರೆಯ ಪಕ್ಷಿ ಸಪ್ಪೆಯಾಗಿ ಕಂಡರೆ ಕಾಯಿಲೆ ಆರಂಭವಾಗಿದೆಯೆಂದೇ ಅರ್ಥ.

ಎರಡನೆಯದು, ಮಾಡಿದ್ದನ್ನು ಅಳಿಸಲು ಕೈ ಬರುತ್ತದೆಯೇ? ಕಲಿಕೆಗಾಗಿ ಮಾಡಿದ್ದು ಕಲಿಕೆ ಮುಗಿದ ಮೇಲೆ ಅಳಿಸಿಹೋದರೆ ನಷ್ಟವೇನು? ಅದರ ಮುಂದೆ ಕುಳಿತು ಮೆಚ್ಚಿಕೊಳ್ಳುವುದೇ ನಿತ್ಯದ ಕೆಲಸವಾದರೆ, ಹೆಸರನ್ನಿಟ್ಟು ಮುದ್ದಿಸುವಷ್ಟು ಅಂಟಿಕೊಂಡರೆ, ತಲೆಬಾಗುವುದಕ್ಕೂ ಅದಕ್ಕೂ ಎಷ್ಟು ದೂರ ಉಳಿಯಿತು? ವಿಗ್ರಹಗಳು ಕಲ್ಲಿನಿಂದಲೇ ಆಗಬೇಕೆಂದಿಲ್ಲ.

ಮೂರನೆಯದು, ಪ್ರಾಮಾಣಿಕತೆ. ಬೇರೊಬ್ಬರು ಮಾಡಿದ ಮೂಳೆಕಟ್ಟನ್ನು, ಚರ್ಮದ ಹಾಳೆಯನ್ನು ಅವರ ಅನುಮತಿಯಿಲ್ಲದೆ ತೆಗೆದುಕೊಂಡು ತನ್ನದೆಂದು ತೋರಿಸುವುದು ವಿಶ್ವಾಸದ್ರೋಹ. ಬೀಗ ಮುರಿದ ತಂತ್ರಾಂಶವನ್ನು ಬಳಸುವುದು ಕಳ್ಳತನ. ಬ್ಲೆಂಡರಿನಂಥ ಬಿಟ್ಟಿ ಸಾಧನ ಇರುವಾಗ ಅದಕ್ಕೆ ಬಡತನದ ನೆಪವೂ ಇಲ್ಲ. ಚಿತ್ರ ಹಲಾಲೋ ಹರಾಮೋ ಎಂದು ರಾತ್ರಿಯಿಡೀ ಚರ್ಚಿಸಿ, ಕದ್ದ ತಂತ್ರಾಂಶದ ಬಗ್ಗೆ ಒಂದು ಮಾತೂ ಆಡದವರನ್ನು ನಾನು ಕಂಡಿದ್ದೇನೆ. ಇದು ಸೊಳ್ಳೆಯನ್ನು ಹಿಡಿದು ಆನೆಯನ್ನು ಬಿಟ್ಟಂತೆ.

ನಾಲ್ಕನೆಯದು, ಹೊತ್ತು. ರಾತ್ರಿ ಎರಡು ಗಂಟೆಯವರೆಗೆ ಪರದೆಯ ಮುಂದೆ ಕುಳಿತು ಫಜ್ರ್ ನಮಾಝನ್ನು ಕಳೆದುಕೊಂಡವನಿಗೆ ಫಿಕ್ಹ್‌ನ ಸೂಕ್ಷ್ಮ ಭೇದಗಳಿಂದ ಯಾವ ಉಪಯೋಗವೂ ಇಲ್ಲ. ತಾಯಿ ಊಟಕ್ಕೆ ಮೂರು ಸಲ ಕರೆದರೂ ಏಳದವನಿಗೂ ಹಾಗೆಯೇ.

ಇನ್ನು ಈಗ ಹೊಸದೊಂದು ಬಂದಿದೆ. ಒಂದು ಸಾಲು ಬರೆದರೆ ಸಾಕು, ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಗಳಲ್ಲಿ ಪ್ರಾಣಿಯ ರೂಪವನ್ನು ಮುಂದಿಡುತ್ತದೆ. "ಇನ್ನು ಕೈಯಿಂದ ಕಲಿಯುವುದು ಯಾಕೆ?" ಎಂದು ಹುಡುಗರು ಕೇಳುತ್ತಾರೆ. ರೂಪ ಬೇಕಾಗಿದ್ದವನಿಗೆ ರೂಪ ಸಿಕ್ಕಿತು. ಆದರೆ ಹಿಂಗಾಲಿಗೆ ಮೂರು ವಾರ ಕೊಟ್ಟವನಿಗೆ ಸಿಕ್ಕ ಕಣ್ಣು ಇವನಿಗೆ ಸಿಗಲಿಲ್ಲ. ಆಕಾರ ಸಲೀಸಾಗಿ ಬಂದಷ್ಟೂ "ನಾನು ಸೃಷ್ಟಿಸಿದೆ" ಎಂಬ ಮಾತೂ ಸಲೀಸಾಗಿ ನಾಲಿಗೆಗೆ ಬರುತ್ತದೆ. ಒಂದು ಬೆರಳಿನ ಗೆಣ್ಣಿಗಾಗಿ ಹತ್ತು ಸಲ ಸೋತವನು ಆ ಮಾತನ್ನು ಆಡಲು ಹಿಂಜರಿಯುತ್ತಾನೆ. ಈ ಹವ್ಯಾಸದಲ್ಲಿ ಏನಾದರೂ ಒಳಿತಿದ್ದರೆ ಅದು ಆ ಹಿಂಜರಿಕೆಯಲ್ಲಿದೆ.

ಮನಸ್ಸು ಒಪ್ಪದವರಿಗೆ

ಜೀವಿಗಳ ರೂಪ ಮಾಡಬಾರದೆಂಬ ಅಭಿಪ್ರಾಯವೇ ಸರಿಯೆಂದು ಕಂಡವರು, ಅಥವಾ ಸಂಶಯ ಬಂದು ಮನಸ್ಸು ಹಿಂಜರಿಯುವವರು ತಮ್ಮ ಕೈಯ ಕಲೆ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಸಂಶಯದಿಂದ ದೂರವಿರುವುದು ತಖ್ವಾದ ಲಕ್ಷಣ. ಇಬ್ನು ಅಬ್ಬಾಸ್(ರ) ತೋರಿದ ದಾರಿ ಇಂದಿಗೂ ತೆರೆದೇ ಇದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಬಿಳಿ-ಕಪ್ಪು ಪಟ್ಟೆಗಳನ್ನು, ಕಲ್ಲುಹೂವಿನ ಕಲೆಗಳನ್ನು, ಮಳೆ ಬಿದ್ದಾಗ ಬದಲಾಗುವ ಹೊಳಪನ್ನು ಪರದೆಗೆ ತರುವುದು ಯಾವ ಡ್ರ್ಯಾಗನ್‌ನ ಚರ್ಮಕ್ಕಿಂತಲೂ ಸುಲಭವಲ್ಲ. ಜಯನಗರದ ರಸ್ತೆಬದಿಯ ಹಳೆಯ ಮರವೊಂದರ ತೊಗಟೆ ಒಂದು ವರ್ಷದ ಪಾಠಕ್ಕೆ ಸಾಕು.

ನಮ್ಮ ನಾಡಿನ ಹಿರಿಯ ಕುಶಲಕರ್ಮಿಗಳು ಈ ದಾರಿಯಲ್ಲಿ ನಡೆದು ತೋರಿಸಿದ್ದಾರೆ. ವಿಜಯಪುರದ ಇಬ್ರಾಹೀಮ್ ರೋಜಾದಲ್ಲಿ ಅರಬಿ ಅಕ್ಷರಗಳನ್ನೇ ಕೊರೆದು ಕಲ್ಲಿನ ಜಾಲಂಧ್ರಗಳನ್ನು ಮಾಡಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದಲೇ ಒಳಬರುತ್ತದೆ. ಬೀದರಿನ ಬಿದರಿ ಕೆಲಸದವರು ಕಪ್ಪು ಲೋಹದ ಮೈಯಲ್ಲಿ ಬೆಳ್ಳಿಯ ಬಳ್ಳಿಯನ್ನು ಹರಿಸಿದ್ದಾರೆ. ಇತ್ತ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ನಮ್ಮವರೇ ಅನೇಕರು ಚರಕಿಗೆ ಹಾಲೆಮರದ ತುಂಡನ್ನು ಕೊಟ್ಟು, ಅರಗಿನ ಬಣ್ಣ ಹಚ್ಚಿ ಮಕ್ಕಳ ಆಟಿಕೆಗಳನ್ನು ಮಾಡುತ್ತಾ ಬಂದಿದ್ದಾರೆ. ಅಲ್ಲಿನ ಮರದ ಕುದುರೆಯ ಮುಂದೆ ಯಾರೂ ತಲೆಬಾಗಲಿಲ್ಲ, ಮಕ್ಕಳು ದಾರ ಕಟ್ಟಿ ಎಳೆದಾಡಿದರು ಅಷ್ಟೆ. ಕಲೆಗೆ ಗಡಿ ಹಾಕಿದಾಗ ಕಲೆ ಸಾಯುತ್ತದೆ ಎನ್ನುವವರು ಈ ಮೂರನ್ನೂ ಒಮ್ಮೆ ನೋಡಿ ಬರಲಿ.

ಕೊನೆಯದಾಗಿ ತಂದೆ-ತಾಯಂದಿರಲ್ಲಿ ಒಂದು ಮಾತು. ಮಗ ಏನು ಮಾಡುತ್ತಿದ್ದಾನೆಂದು ಬಾಗಿಲಾಚೆಯಿಂದ ಭಯಪಡುವ ಬದಲು ಒಂದು ರಾತ್ರಿ ಅವನ ಪಕ್ಕದಲ್ಲಿ ಕುಳಿತು ನೋಡಿರಿ. ಅವನು ತೋರಿಸಲಿ. "ಈ ಮೂಳೆ ಇಲ್ಲಿ ಯಾಕಿದೆ?" ಎಂದು ಕೇಳಿರಿ. ಉತ್ತರ ಹೇಳುವಾಗ ಅವನ ಮಾತಿನಲ್ಲಿ 'ನಾನು' ಎಷ್ಟು ಸಲ ಬರುತ್ತದೆ, 'ಸುಬ್‌ಹಾನಲ್ಲಾಹ್' ಎಷ್ಟು ಸಲ ಬರುತ್ತದೆ ಎಂಬುದನ್ನು ಗಮನಿಸಿರಿ. ಅವನನ್ನು ಬಿಡಿಸಬೇಕೋ, ತಿದ್ದಬೇಕೋ, ಬೆನ್ನು ತಟ್ಟಬೇಕೋ ಎಂಬುದು ನಿಮಗೇ ತಿಳಿಯುತ್ತದೆ. ಬಳಿಕ ಆಲಿಮರ ಬಳಿಗೆ ಹೋಗುವಾಗ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಅವನ ಬೆನ್ನ ಹಿಂದೆ ಪಡೆದ ತೀರ್ಪು ಅವನ ಹೃದಯವನ್ನು ತಲುಪುವುದಿಲ್ಲ.

ಯುವ ಸಹೋದರ ಸಹೋದರಿಯರೇ, ಜೀವ ಕೊಡು ಎಂದು ಕೇಳಲಾಗುವ ದಿನದ ಬಗ್ಗೆ ಹದೀಸ್ ನಮ್ಮನ್ನು ಎಚ್ಚರಿಸಿದೆ. ನಿಮ್ಮ ಆಲಿಮರು ಬೇಡವೆಂದರೆ ಬಿಟ್ಟುಬಿಡಿ. ಬಿಡುವುದೂ ಒಂದು ಇಬಾದತ್. ಅವರು ದಾರಿ ಕೊಟ್ಟರೆ, "ನನ್ನಿಂದಾಗದು" ಎಂಬ ಉತ್ತರವನ್ನು ಆ ದಿನದವರೆಗೆ ಕಾಯದೆ ಇಂದೇ, ಪ್ರತಿ ರಾತ್ರಿ ಬ್ರಶ್ ಕೆಳಗಿಡುವಾಗ ಹೇಳಿಕೊಳ್ಳಿ. ನೋಡುವ ಕಣ್ಣನ್ನೂ, ತನ್ನ ಮಿತಿಯನ್ನು ಅರಿತ ಕೈಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.